ಹಸೆಗೋಡೆ ಬಣ್ಣದ ಮದರ್‌ಬೋರ್ಡ್

ಜೂನ್ ಕೊನೆ. ಆರಿದ್ರ ಮಳೆ ಹಿಡಿದುಕೊಂಡಿತ್ತು. ಸಾಗರದ ಕಡೆಯ ಹಳ್ಳಿಯಿಂದ ಬಂದ ಹುಡುಗಿಯೊಬ್ಬರು ಶಿವಮೊಗ್ಗದ ದುರ್ಗಿಗುಡಿಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಕೌಂಟರ್ ಮೇಲೆ ಎರಡು ಸಾಮಾನು ಇಟ್ಟರು. ಒಂದು, ಕಂಪ್ಯೂಟರಿನ ಪೆಟ್ಟಿಗೆ. ಇನ್ನೊಂದು, ಹಳೇ ಪೇಪರಿನಲ್ಲಿ ಸುತ್ತಿದ ಕೆಮ್ಮಣ್ಣಿನ ಹೆಂಟೆ.

“ಅಣ್ಣ, ಒಳಗಿನ ಬೋರ್ಡಿಗೆ ಈ ಬಣ್ಣ ಮಾಡಿಕೊಡ್ತೀರಾ?”

ಹದಿನೈದು ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. ಮದರ್‌ಬೋರ್ಡಿಗೆ ಸ್ಯಾಂಪಲ್ ಅಂತ ಮಣ್ಣು ತಂದವರು ಇವರೊಬ್ಬರೇ.

ಅವರದು ಅನಿಮೇಷನ್ ಕೆಲಸ. ಮನೆಯಿಂದಲೇ ಮಾಡುತ್ತಾರೆ. ಅವರ ಅಜ್ಜಿ ಹಸೆ ಚಿತ್ತಾರ ಬರೆಯುವವರು. ನಮ್ಮ ಕಡೆ ದೀವರ ಮನೆಗಳಲ್ಲಿ ಮದುವೆಗೆ ಬರೆಯುವ ಹಸೆಗೋಡೆ ನೋಡಿದವರಿಗೆ ಗೊತ್ತು. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ. ನಾಲ್ಕೇ ಬಣ್ಣ. ಮೊಮ್ಮಗಳಿಗೆ ತನ್ನ ಕಂಪ್ಯೂಟರೂ ಆ ನಾಲ್ಕು ಬಣ್ಣದಲ್ಲೇ ಇರಬೇಕು. ಕ್ಯಾಬಿನೆಟ್ ಆಗಲೇ ಕಪ್ಪು. ಕೇಬಲ್ಲು ಬಿಳಿ ಮತ್ತು ಹಳದಿ. ಆದರೆ ಪಕ್ಕದ ಗಾಜಿನಿಂದ ಒಳಗೆ ನೋಡಿದರೆ ಮದರ್‌ಬೋರ್ಡಿನ ಬೆಳ್ಳಿ ಬಣ್ಣದ ಹೀಟ್‌ಸಿಂಕು (ಚಿಪ್ಪಿನ ಬಿಸಿ ಹೊರಹಾಕುವ ಲೋಹದ ತುಂಡು), ಅದರ ಮೇಲೆ ನೀಲಿ ಗೆರೆ. ಕಣ್ಣಿಗೆ ಕುಕ್ಕುತ್ತಿತ್ತು, ಅದು ನಿಜ.

ಗಡುವೂ ಹೇಳಿದರು. ಭೂಮಿ ಹುಣ್ಣಿಮೆಗೆ ಮನೆಯಲ್ಲಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರಲ್ಲ, ಅಷ್ಟರೊಳಗೆ ಆಗಬೇಕು. ಮೂರು ತಿಂಗಳಿಗಿಂತ ಜಾಸ್ತಿ ಸಮಯ ಇತ್ತು. ಅಲ್ಲಿಯವರೆಗೆ ಅವರು ಲ್ಯಾಪ್‌ಟಾಪಿನಲ್ಲೇ ಕೆಲಸ ನಡೆಸುತ್ತಾರಂತೆ. ಒಂದು ವಾರದ ಕೆಲಸ, ಅಷ್ಟೆಲ್ಲ ಬೇಡ ಅಂದುಬಿಟ್ಟೆ ನಾನು.

ಯಾವುದಕ್ಕೆ ಬಣ್ಣ, ಯಾವುದಕ್ಕೆ ಬೇಡ

ಬೋರ್ಡು ಬಿ550 ಚಿಪ್‌ಸೆಟ್‌ನದು, ಎಎಂ4 ಸಾಕೆಟ್. ಮೇಲೆ ರೈಜನ್ 9 5900ಎಕ್ಸ್ ಪ್ರೊಸೆಸರ್. 12 ಕೋರ್, 105 ವ್ಯಾಟ್ ಅಂತ ಪೆಟ್ಟಿಗೆ ಮೇಲೆ ಇರುತ್ತದೆ. ಪೂರ್ತಿ ಲೋಡ್ ಕೊಟ್ಟರೆ 142 ವ್ಯಾಟ್‌ವರೆಗೆ ಎಳೆಯುತ್ತದೆ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಿಚ್ಚಿ ಬಣ್ಣ ಹಾಕಬಹುದಾದ್ದು ಐದು. ಪ್ರೊಸೆಸರ್ ಕೂರುವ ಸಾಕೆಟ್ ಪಕ್ಕದ ಎರಡು ವಿಆರ್‌ಎಂ ಹೀಟ್‌ಸಿಂಕು (ಪ್ರೊಸೆಸರಿಗೆ ಕರೆಂಟು ಹದ ಮಾಡಿ ಕೊಡುವ ಭಾಗ ವಿಆರ್‌ಎಂ), ಚಿಪ್‌ಸೆಟ್ ಮೇಲಿನ ಚಪ್ಪಟೆ ಹೀಟ್‌ಸಿಂಕು, ಎಸ್‌ಎಸ್‌ಡಿ ಮೇಲಿನ ಪಟ್ಟಿ, ಹಿಂಬದಿಯ ಪೋರ್ಟುಗಳನ್ನು ಮುಚ್ಚುವ ಪ್ಲಾಸ್ಟಿಕ್ ಕವಚ. ಹೀಟ್‌ಸಿಂಕೆಲ್ಲ ಆನೊಡೈಸ್ ಮಾಡಿದ ಅಲ್ಯುಮಿನಿಯಂ. ಕವಚ ಎಬಿಎಸ್ ಪ್ಲಾಸ್ಟಿಕ್.

ಅವರಿಗೆ ರ‍್ಯಾಮ್ ಸ್ಲಾಟು, ಗ್ರಾಫಿಕ್ಸ್ ಕಾರ್ಡಿನ ಸ್ಲಾಟು ಕೂಡ ಹಳದಿ ಆಗಬೇಕಿತ್ತು. ಅದಕ್ಕೆ ನಾನು ಒಪ್ಪಲಿಲ್ಲ. ಬೋರ್ಡಿಗೆ ಪೂರ್ತಿ ಟೇಪ್ ಸುತ್ತಿ ಸ್ಲಾಟಿಗೆ ಸ್ಪ್ರೇ ಹೊಡೆಯುವವರು ಇದ್ದಾರೆ. ಆದರೆ ಸ್ಲಾಟಿನ ಒಳಗೆ ತೆಳ್ಳಗಿನ ಸ್ಪ್ರಿಂಗ್ ಥರದ ಕಾಂಟ್ಯಾಕ್ಟುಗಳಿರುತ್ತವೆ. ಸ್ಪ್ರೇಯ ಮಂಜು ಹೋಗಿ ಅದರ ಮೇಲೆ ಕೂತರೆ ರ‍್ಯಾಮ್ ಒಂದು ದಿನ ಸಿಗುತ್ತದೆ, ಒಂದು ದಿನ ಸಿಗುವುದಿಲ್ಲ. ಅಂಥ ತೊಂದರೆ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ. ಎಎಂ4 ಸಾಕೆಟ್‌ನಲ್ಲಂತೂ 1331 ತೂತು. ಅದರ ಹತ್ತಿರ ಸ್ಪ್ರೇ ತರುವುದೇ ಬೇಡ. ಬಣ್ಣ ಹಾಕುವ ಸಾಮಾನು ಬೋರ್ಡಿನಿಂದ ಬಿಚ್ಚಿ ಹೊರಗೆ ಬರಬೇಕು, ಬರದಿದ್ದರೆ ಬಣ್ಣ ಇಲ್ಲ. ಇದೊಂದು ಕರಾರು ಮೊದಲೇ ಹಾಕಿದೆ. ವಾರಂಟಿ ಹೋಗುತ್ತದೆ ಅಂತಲೂ ಹೇಳಿ, ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡೆ.

ಬಿಚ್ಚುವ ಮೊದಲು ಒಂದು ಕೆಲಸ ಸರಿಯಾಗಿ ಮಾಡಿದ್ದೆ. ಅರ್ಧ ಗಂಟೆ ಪೂರ್ತಿ ಲೋಡ್ ಕೊಟ್ಟು ವಿಆರ್‌ಎಂ ಎಷ್ಟು ಬಿಸಿಯಾಗುತ್ತದೆ ಅಂತ ಬರೆದಿಟ್ಟುಕೊಂಡೆ. ಅಂಗಡಿಯಲ್ಲಿ 24 ಡಿಗ್ರಿ ಇದ್ದಾಗ ವಿಆರ್‌ಎಂ 64 ಡಿಗ್ರಿ. ಈ ಒಂದು ಸಾಲು ಬರೆದಿಟ್ಟಿರದಿದ್ದರೆ ಮುಂದೆ ಆದ ತಪ್ಪು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಲೋಡ್ ಟೆಸ್ಟ್ ಮುಗಿದ ತಕ್ಷಣ, ಬಿಸಿ ಇರುವಾಗಲೇ, ಕೂಲರನ್ನು ಸ್ವಲ್ಪ ಆ ಕಡೆ ಈ ಕಡೆ ತಿರುಗಿಸಿ ತೆಗೆದೆ. ಎಎಂ4ನಲ್ಲಿ ತಣ್ಣಗಿರುವಾಗ ನೇರ ಎಳೆದರೆ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ನು ಬಾಗುತ್ತದೆ. ಹೀಟ್‌ಸಿಂಕಿನ ಸ್ಕ್ರೂ ಬೋರ್ಡಿನ ಹಿಂದೆ. ಯಾವ ಸ್ಕ್ರೂ ಎಲ್ಲಿಯದು ಅಂತ ರಟ್ಟಿನ ಮೇಲೆ ಬೋರ್ಡಿನ ಚಿತ್ರ ಬರೆದು ಚುಚ್ಚಿಟ್ಟೆ.

ಮೊದಲ ಸಲ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ನನಗೊಬ್ಬರು ಪೇಂಟರ್ ಭಾಯ್ ಪರಿಚಯ. ಕಾರು, ಬೈಕಿಗೆ ಬಣ್ಣ ಹೊಡೆಯುವವರು. ಕಣ್ಣಳತೆಯಲ್ಲೇ ಬಣ್ಣ ಕೂಡಿಸುವ ಕೈ. ಮಣ್ಣಿನ ಹೆಂಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕೆಂಪು, ಕಪ್ಪು, ಚೂರು ಹಳದಿ ಸೇರಿಸಿ ಹತ್ತು ನಿಮಿಷದಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟಿನಲ್ಲಿ ಬಣ್ಣ ತಯಾರು ಮಾಡಿದರು. ಆಮೇಲೆ ಹೊರಗೆ ನೋಡಿ, “ಈ ಮಳೇಲಿ ಬೇಡ ಸಾರ್. ಬಿಸಿಲು ಬರ್ಲಿ” ಅಂದರು.

ಮಲೆನಾಡಿನ ಬಾಗಿಲಲ್ಲಿ ಕೂತು ಜುಲೈನಲ್ಲಿ ಬಿಸಿಲಿಗೆ ಕಾಯುವುದು ಅಂದರೆ ಏನರ್ಥ? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಶಿವಮೊಗ್ಗಕ್ಕೆ ಅಷ್ಟಿಲ್ಲ, ಆದರೆ ಮೋಡ ಅದೇ, ಗಾಳಿ ಅದೇ, ತೇವ ಅದೇ. ನಾನು ಹಟ ಮಾಡಿದೆ. ಶೆಡ್ಡಿನ ಒಳಗೆ ಮಳೆ ಬೀಳುವುದಿಲ್ಲವಲ್ಲ ಅಂದೆ. ಅವರು ನನ್ನ ಮುಖ ನೋಡಿ, ಸುಮ್ಮನೆ ಗನ್ ಎತ್ತಿಕೊಂಡರು.

ಹೊಡೆದಾಗ ಬಣ್ಣ ಚೆನ್ನಾಗೇ ಇತ್ತು. ಐದು ನಿಮಿಷಕ್ಕೆ ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ ಪದರ ಬಂತು. ಒರೆಸಿದರೆ ಹೋಗುವ ಬಿಳಿ ಅಲ್ಲ. ಬಣ್ಣದ ಒಳಗೇ ಕೂತ ಬಿಳಿ.

ಇದು ಯಾಕೆ ಆಗುತ್ತದೆ ಅಂತ ಆಮೇಲೆ ಕೂತು ಯೋಚಿಸಿದೆ. ಎನ್‌ಸಿ ಪೇಂಟಿನಲ್ಲಿರುವ ಥಿನ್ನರ್ ಬಹಳ ಬೇಗ ಆರುತ್ತದೆ. ಆರುವಾಗ ಕೆಳಗಿನ ಲೋಹದ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಕೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುವುದಿಲ್ಲವೇ, ಹಾಗೆ. ಲೋಹ ತಣ್ಣಗಾದಾಗ ಸುತ್ತಲಿನ ಗಾಳಿಯ ತೇವ ಅದರ ಮೇಲೆ ಇಬ್ಬನಿಯ ಹಾಗೆ ಕೂರುತ್ತದೆ. ಹಸಿ ಬಣ್ಣದೊಳಗೆ ನೀರಿನ ಹನಿ ಸಿಕ್ಕಿಹಾಕಿಕೊಂಡು ಬಿಳಿಯಾಗುತ್ತದೆ. ಮಳೆ ಶೆಡ್ಡಿನ ಒಳಗೆ ಬೀಳುವುದು ಬೇಕಿಲ್ಲ, ಗಾಳಿಯಲ್ಲಿ ನೀರಿದ್ದರೆ ಸಾಕು. ಆ ದಿನ ತೇವ ಅಳೆಯುವ ಮೀಟರ್ ನನ್ನ ಹತ್ತಿರ ಇರಲಿಲ್ಲ. ಮರುದಿನ ತಂದೆ. ಶೇಕಡಾ 91 ತೋರಿಸಿತು. 85 ದಾಟಿದರೆ ಗನ್ ಮುಟ್ಟಬಾರದು ಅನ್ನುವುದು ಪೇಂಟಿಂಗಿನವರ ಸಾಮಾನ್ಯ ಲೆಕ್ಕ. ಭಾಯ್‌ಗೆ ಮೀಟರ್ ಇಲ್ಲದೆಯೇ ಗೊತ್ತಿತ್ತು. ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸಿದ್ದರೆ ಸ್ವಲ್ಪ ಉಳಿಯುತ್ತಿತ್ತೇನೋ, ಆದರೆ ಅಂಥ ಗಾಳಿಯಲ್ಲಿ ಅದೂ ಪೂರ್ತಿ ಕಾಯುವುದಿಲ್ಲ.

ಬಿಳಿ ಒಂದೇ ಆಗಿದ್ದರೆ ಪರವಾಗಿರಲಿಲ್ಲ. ವಿಆರ್‌ಎಂ ಹೀಟ್‌ಸಿಂಕಿನ ಅಂಚಿನಲ್ಲಿ ಮೀನಿನ ಕಣ್ಣಿನಂಥ ಸಣ್ಣ ಸಣ್ಣ ಗುಂಡಿ ಎದ್ದಿದ್ದವು. ಬಣ್ಣ ಅಲ್ಲಿ ಕೂರದೆ ಹಿಂದೆ ಸರಿದಿತ್ತು. ಭಾಯ್ ನೋಡಿದ ಕೂಡಲೇ ಕೇಳಿದರು. “ಇದಕ್ಕೆ ಪಾಲಿಷ್ ಹಾಕಿದ್ರಾ?” ಪಾಲಿಷ್ ಯಾರು ಹಾಕುತ್ತಾರೆ? ಆಮೇಲೆ ಹೊಳೆಯಿತು. ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸಲು ಅದರ ಕೆಳಗಿಡುವ ಮೆತ್ತಗಿನ ಥರ್ಮಲ್ ಪ್ಯಾಡು ಸಿಲಿಕೋನಿನದು. ಬಿಸಿಯಾಗಿ ಬಿಸಿಯಾಗಿ ಅದರಿಂದ ಎಣ್ಣೆ ಜಿನುಗುತ್ತದೆ, ಅಂಚಿನವರೆಗೂ ಹರಡುತ್ತದೆ. ಕಾರಿನ ಡ್ಯಾಷ್‌ಬೋರ್ಡಿಗೆ ಹಾಕುವ ಪಾಲಿಷಿನಲ್ಲಿರುವುದೂ ಹೆಚ್ಚಾಗಿ ಅದೇ ಸಿಲಿಕೋನ್. ನಾನು ಒಂದೇ ಬಟ್ಟೆಯಲ್ಲಿ ಐದೂ ಸಾಮಾನು ಒರೆಸಿದ್ದೆ. ಅಂದರೆ ಎಣ್ಣೆ ತೆಗೆದಿದ್ದಲ್ಲ, ಒಂದರಿಂದ ಇನ್ನೊಂದಕ್ಕೆ ಹಚ್ಚಿದ್ದು.

ಪ್ಲಾಸ್ಟಿಕ್ ಕವಚದ ಕತೆ ಇನ್ನೂ ಬೇರೆ. ಎನ್‌ಸಿ ಥಿನ್ನರ್ ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಕಂಡವು.

ಅಲ್ಯುಮಿನಿಯಂನ ಬಣ್ಣ ಥಿನ್ನರಿನಲ್ಲೇ ತೊಳೆದು ತೆಗೆದೆವು. ಕವಚಕ್ಕೆ ಆ ಭಾಗ್ಯ ಇರಲಿಲ್ಲ. ಎರಡು ಸಂಜೆ ಕೂತು ವಾಟರ್ ಪೇಪರಿನಲ್ಲಿ ಉಜ್ಜಿ, ಬಿರುಕಿಗೆ ಪುಟ್ಟಿ ತುಂಬಿ, ಮತ್ತೆ ಉಜ್ಜಿದೆ.

ಅಜ್ಜಿ ನೋಡಿದ್ದು

ಬಿಳಿ ಬರದೆ ಉಳಿದಿದ್ದು ಒಂದೇ, ಎಸ್‌ಎಸ್‌ಡಿ ಪಟ್ಟಿ. ಅದನ್ನು ಮಾತ್ರ ತೊಳೆಯದೆ ಇಟ್ಟಿದ್ದೆ, ಗಿರಾಕಿಗೆ ಬಣ್ಣ ತೋರಿಸೋಣ ಅಂತ. ಜುಲೈ ಮಧ್ಯದಲ್ಲಿ ಅಜ್ಜಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಕರೆತಂದಿದ್ದ ಮೊಮ್ಮಗಳು ಅಂಗಡಿಗೂ ಬಂದರು. ಪಟ್ಟಿ ತೋರಿಸಿದೆ. ಹೆಂಟೆಯ ಪಕ್ಕ ಇಟ್ಟರೆ ಬಣ್ಣ ಹೊಂದುತ್ತಿತ್ತು. ಮೊಮ್ಮಗಳು ತಲೆಯಾಡಿಸಿದರು. ಅಜ್ಜಿ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಓರೆ ಮಾಡಿ ನೋಡಿದರು.

“ಇದು ಕೆಮ್ಮಣ್ಣಲ್ಲ ತಮಾ. ಕುಂಕುಮದ ಭರಣಿ.”

ನನಗೆ ಸ್ವಲ್ಪ ಸಿಟ್ಟೇ ಬಂತು. ಕಣ್ಣಿನ ಡಾಕ್ಟರ ಹತ್ತಿರ ಹೊರಟವರು ಬಣ್ಣ ಸರಿಯಿಲ್ಲ ಅನ್ನುತ್ತಾರಲ್ಲ ಅಂತ. ಆದರೆ ಅಜ್ಜಿ ಹೇಳಿದ್ದು ಬಣ್ಣದ ಮಾತಲ್ಲ, ಹೊಳಪಿನ ಮಾತು. ಹೊಳೆಯುವ ಮೈಯಿಂದ ಬೆಳಕು ಕನ್ನಡಿಯ ಹಾಗೆ ಒಂದೇ ಕಡೆ ಚಿಮ್ಮುತ್ತದೆ, ಉಳಿದ ಕಡೆಯಿಂದ ನೋಡಿದರೆ ಬಣ್ಣ ಕಡುವಾಗಿ ಕಾಣುತ್ತದೆ. ಮಣ್ಣಿನ ಗೋಡೆ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ಬಣ್ಣದ ಡಬ್ಬಿಯಲ್ಲಿ ಎರಡೂ ಒಂದೇ ಕೆಂಪು. ಗೋಡೆಯ ಮೇಲೆ ಬೇರೆ ಬೇರೆ ಕೆಂಪು.

ನನ್ನ ಮೇಜಿನ ಮೇಲೆ ಒಂದು ಕಬ್ಬಿಣದ ಪಟ್ಟಿ ಬಿದ್ದಿತ್ತು. ಅಂಗಡಿಯ ಶಟರಿಗೆ ಹಾಕಲು ತಂದದ್ದು, ತುಕ್ಕು ಹಿಡಿಯಬಾರದು ಅಂತ ರೆಡ್ ಆಕ್ಸೈಡ್ ಪ್ರೈಮರ್ ಬಳಿದಿತ್ತು. ಅಜ್ಜಿ ಅದನ್ನು ಬೆರಳಿನಿಂದ ಸವರಿದರು. “ಇದಾಗ್ಬಹುದು” ಅಂದರು.

ಇಷ್ಟು ವರ್ಷ ಗೇಟು, ಗ್ರಿಲ್ಲು, ಕಿಟಕಿಯ ಸರಳಿಗೆ ಬಳಿದ ಈ ಅಗ್ಗದ ಬಣ್ಣವನ್ನು ಯಾರೂ ಬಣ್ಣ ಅಂತ ನೋಡುವುದಿಲ್ಲ. ಅದು ಮೇಲಿನ ಬಣ್ಣಕ್ಕೆ ಮೊದಲಿನ ಕೋಟು, ಅಷ್ಟೇ. ಆದರೆ ಅದರಲ್ಲಿರುವ ಕೆಂಪು ಪುಡಿ ಯಾವುದು? ಕಬ್ಬಿಣದ ಆಕ್ಸೈಡ್. ಕೆಮ್ಮಣ್ಣಿನ ಕೆಂಪು ಯಾವುದರದು? ಅದೇ ಕಬ್ಬಿಣದ ಆಕ್ಸೈಡಿನದು. ಜಂಬಿಟ್ಟಿಗೆ ಕಲ್ಲು ಕೆಂಪಾಗಿರುವುದೂ ಅದರಿಂದಲೇ. ಸಾಗರದ ಗೋಡೆಯ ಬಣ್ಣವನ್ನು ನಾನು ಮೂರು ಡಬ್ಬಿ ಬೆರೆಸಿ ಹುಡುಕುತ್ತಿದ್ದೆ. ಅದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೀಟರಿನ ಲೆಕ್ಕದಲ್ಲಿ ಸಿಗುತ್ತಿತ್ತು. ಜರ್ಮನಿಯಲ್ಲಿ 1927ರಲ್ಲಿ 40 ಬಣ್ಣಗಳಿಂದ ಶುರುವಾದ, ಬಣ್ಣಗಳಿಗೆ ನಂಬರ್ ಕೊಡುವ ರಾಲ್ ಪಟ್ಟಿಯಲ್ಲಿ 3009 ಅನ್ನುವ ನಂಬರಿಗೆ ಹೆಸರೇ ಆಕ್ಸೈಡ್ ರೆಡ್. ಅಷ್ಟು ದೂರ ಹೋಗುವುದೂ ಬೇಕಿರಲಿಲ್ಲ.

ಅಜ್ಜಿಗೆ ನಮಸ್ಕಾರ ಮಾಡಿ ಎಸ್‌ಎಸ್‌ಡಿ ಪಟ್ಟಿಯನ್ನೂ ಥಿನ್ನರಿಗೆ ಹಾಕಿದೆ.

ಬಲ್ಬಿನ ಪೆಟ್ಟಿಗೆ

ರೆಡ್ ಆಕ್ಸೈಡ್ ಕಬ್ಬಿಣಕ್ಕೆ ಮಾಡಿದ್ದು. ಆನೊಡೈಸ್ ಆದ ಅಲ್ಯುಮಿನಿಯಂ ಮೇಲೆ ನೇರವಾಗಿ ಹಾಕಿದರೆ ಉಗುರು ತಾಗಿದರೂ ಸಿಪ್ಪೆ ಏಳುತ್ತದೆ. ಅದಕ್ಕೆ 600 ನಂಬರಿನ ವಾಟರ್ ಪೇಪರಿನಲ್ಲಿ ಹೊಳಪು ಹೋಗುವವರೆಗೆ ಉಜ್ಜಿದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಎರಡು ಸಲ ಒರೆಸಿದೆ, ಪ್ರತಿ ಸಾಮಾನಿಗೂ ಹೊಸ ಬಟ್ಟೆ. ಮೇಲೆ ತೆಳ್ಳಗೆ ಎಚಿಂಗ್ ಪ್ರೈಮರ್. ಅದರಲ್ಲಿರುವ ಆಮ್ಲ ಲೋಹವನ್ನು ಸ್ವಲ್ಪ ಕಚ್ಚಿ ಹಿಡಿಯುತ್ತದೆ. ಪ್ಲಾಸ್ಟಿಕ್ ಕವಚಕ್ಕೆ ಬಂಪರಿಗೆ ಹಾಕುವ ಪ್ಲಾಸ್ಟಿಕ್ ಪ್ರೈಮರ್. ಇವೆರಡರ ಮೇಲೆ ರೆಡ್ ಆಕ್ಸೈಡ್.

ಇನ್ನು ತೇವದ ಸಮಸ್ಯೆ. ಹಳ್ಳಿಯಲ್ಲಿ ಕೋಳಿಮರಿಗೆ ಬಲ್ಬು ಹಾಕಿ ಬೆಚ್ಚಗಿಡುತ್ತಾರಲ್ಲ, ಆ ಉಪಾಯವೇ ಹಿಡಿದೆ. ಹಳೇ ಮರದ ಪೆಟ್ಟಿಗೆ, 100 ವ್ಯಾಟಿನ ಹಳೇ ಕಾಲದ ಬಲ್ಬು, ಮೇಲೆ ಕೆಳಗೆ ಗಾಳಿಗೆ ತೂತು. ಹೊರಗಿನ ಗಾಳಿ 22 ಡಿಗ್ರಿ, ತೇವ 95 ಅಂತಿಟ್ಟುಕೊಳ್ಳಿ. ಅದೇ ಗಾಳಿಯನ್ನು 35 ಡಿಗ್ರಿಗೆ ಬಿಸಿ ಮಾಡಿದರೆ ತೇವ 45ರ ಹತ್ತಿರಕ್ಕೆ ಇಳಿಯುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ ಇರುತ್ತದೆ, ಬಿಸಿ ಗಾಳಿಗೆ ಇನ್ನೂ ನೀರು ಹಿಡಿಯುವ ಜಾಗ ಸಿಗುತ್ತದೆ. ಹೊಡೆಯುವ ಮೊದಲು ಸಾಮಾನನ್ನು ಪೆಟ್ಟಿಗೆಯಲ್ಲಿಟ್ಟು ಬೆಚ್ಚಗೆ ಮಾಡಿದೆ. ಬೆಚ್ಚಗಿನ ಲೋಹದ ಮೇಲೆ ಇಬ್ಬನಿ ಕೂರುವುದಿಲ್ಲ. ಹೊಡೆದ ಮೇಲೆ ಅರ್ಧ ಗಂಟೆ ಹೊರಗಿಟ್ಟು, ಥಿನ್ನರಿನ ವಾಸನೆ ಕಡಿಮೆಯಾದ ಮೇಲೆ ಮತ್ತೆ ಪೆಟ್ಟಿಗೆಗೆ. ಈ ಅರ್ಧ ಗಂಟೆ ತಪ್ಪಿಸಬೇಡಿ. ಥಿನ್ನರಿನ ಹಬೆ ತುಂಬಿದ ಪೆಟ್ಟಿಗೆಯಲ್ಲಿ ಉರಿಯುವ ಬಲ್ಬು ಅಂದರೆ ಪಟಾಕಿ. ಸ್ಪ್ರೇ ಡಬ್ಬಿಯನ್ನಂತೂ ಆ ಕೋಣೆಗೇ ತರಬೇಡಿ, ಅದರಲ್ಲಿ ತುಂಬಿರುವ ಗ್ಯಾಸೂ ಸಾಮಾನ್ಯವಾಗಿ ಹತ್ತಿ ಉರಿಯುವಂಥದ್ದೇ.

ಇಷ್ಟೆಲ್ಲ ಕಲಿತ ಮೇಲೂ ಒಂದು ತಪ್ಪಾಯಿತು. ರೆಡ್ ಆಕ್ಸೈಡ್ ಹಾಗೇ ಬಿಟ್ಟರೆ ಕೈಗೆ ಕೊಳೆ ಹಿಡಿಯುತ್ತದೆ, ಮೇಲೊಂದು ಹೊಳಪಿಲ್ಲದ ಕ್ಲಿಯರ್ ಕೋಟ್ ಬೇಕು. ಮೂರನೇ ದಿನಕ್ಕೇ ಹೊಡೆದೆ. ಮುಟ್ಟಿದರೆ ಒಣಗಿತ್ತು, ಒಳಗೆ ಒಣಗಿರಲಿಲ್ಲ. ಕ್ಲಿಯರಿನ ಥಿನ್ನರ್ ಒಳಗಿಳಿದು ಬಣ್ಣ ಉಬ್ಬಿ, ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಉಜ್ಜಿ ತೆಗೆದು ಮತ್ತೆ ಮೊದಲಿಂದ. ಈ ಸಲ ಎಂಟು ದಿನ ಪೆಟ್ಟಿಗೆಯಲ್ಲಿಟ್ಟು, ಆಮೇಲೆ 25 ಸೆಂಟಿಮೀಟರ್ ದೂರದಿಂದ ಮಂಜಿನಂತೆ ತೆಳ್ಳಗೆ ಮೂರು ಕೋಟು, ಪ್ರತಿ ಕೋಟಿಗೂ ಹದಿನೈದು ನಿಮಿಷ ಬಿಟ್ಟು. ಅಷ್ಟರಲ್ಲಿ ಆಗಸ್ಟ್ ಕೊನೆ. ಒಂದು ವಾರದ ಕೆಲಸ ಅಂದಿದ್ದೆ, ಅಲ್ವಾ?

88 ಡಿಗ್ರಿ

ಸೆಪ್ಟೆಂಬರ್ ಮೊದಲ ವಾರ ಜೋಡಿಸಿದೆ. ನೋಡಲು ಬಹಳ ಚೆನ್ನಾಗಿತ್ತು. ಕಪ್ಪು ಬೋರ್ಡಿನ ಮೇಲೆ ಮಣ್ಣಿನ ಬಣ್ಣದ ತುಂಡುಗಳು, ಸುತ್ತ ಬಿಳಿ, ಹಳದಿ ಕೇಬಲ್ಲು. ಅಂಗಡಿಗೆ ಬಂದವರೆಲ್ಲ ಫೋಟೋ ಹೊಡೆದುಕೊಂಡರು. ಕಂಪ್ಯೂಟರ್ ಶುರುವಾಯಿತು. ಎಲ್ಲ ಸರಿ. ಗಿರಾಕಿಗೆ ಫೋನ್ ಮಾಡುವ ಮೊದಲು ಹಳೇ ಚೀಟಿ ನೆನಪಾಗಿ ಅರ್ಧ ಗಂಟೆ ಲೋಡ್ ಕೊಟ್ಟೆ.

88 ಡಿಗ್ರಿ. ಮೊದಲು ಇದ್ದದ್ದು 64. ಅಂಗಡಿಯಲ್ಲಿ ಬಿಸಿ ಆವತ್ತೂ 24ರ ಹತ್ತಿರವೇ.

88ಕ್ಕೆ ಬೋರ್ಡು ಸುಡುವುದಿಲ್ಲ. ವಿಆರ್‌ಎಂನ ಚಿಪ್ಪುಗಳು ಅದಕ್ಕಿಂತ ಜಾಸ್ತಿ ತಡೆಯುತ್ತವೆ. ಆದರೆ 24 ಡಿಗ್ರಿ ಏರಿದೆ ಅಂದರೆ ಎಲ್ಲೋ ಬಿಸಿ ದಾಟುತ್ತಿಲ್ಲ. ಇವರು ರಾತ್ರಿಯಿಡೀ ರೆಂಡರಿಂಗ್ (ಅನಿಮೇಷನ್ನಿನ ಚಿತ್ರಗಳನ್ನು ಕಂಪ್ಯೂಟರ್ ಲೆಕ್ಕ ಹಾಕಿ ಮೂಡಿಸುವ ಕೆಲಸ) ಹಾಕುವವರು. ಬೇಸಿಗೆಯಲ್ಲಿ ಮನೆಯೊಳಗೇ 34 ಆದರೆ?

ನನ್ನ ಮೊದಲ ಅನುಮಾನ ಬಣ್ಣದ ಮೇಲೇ ಹೋಯಿತು. ಹೀಟ್‌ಸಿಂಕಿಗೆ ಬಣ್ಣದ ಕಂಬಳಿ ಹೊದಿಸಿಬಿಟ್ಟೆನಲ್ಲ ಅಂತ. ಎಲ್ಲರೂ ಹೇಳುವುದೂ ಇದನ್ನೇ. ಲೆಕ್ಕ ಹಾಕಿದರೆ ಬೇರೆಯೇ ಬಂತು.

ಅಲ್ಯುಮಿನಿಯಂ ಬಿಸಿ ದಾಟಿಸುವುದಕ್ಕೆ ಹೋಲಿಸಿದರೆ ಬಣ್ಣ ಸುಮಾರು ಸಾವಿರ ಪಟ್ಟು ಹಿಂದೆ. ಅದು ನಿಜ. ಆದರೆ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿ ಪದರದ ದಪ್ಪ 0.1 ಮಿಲಿಮೀಟರ್. ಹೀಟ್‌ಸಿಂಕಿನ ಮೇಲ್ಮೈಯಿಂದ ಗಾಳಿಗೆ ಬಿಸಿ ಹೋಗುವುದೇ ಬಹಳ ಕಷ್ಟದಲ್ಲಿ. ಫ್ಯಾನಿನ ಗಾಳಿ ಅಷ್ಟಾಗಿ ತಾಗದ ಕಡೆ ಆ ಕಷ್ಟದ ಮುಂದೆ ಈ ಪದರದ ಅಡ್ಡಿ ಇನ್ನೂರರಲ್ಲಿ ಒಂದು ಪಾಲು. ತುಂಬಿದ ಬಸ್ಸಿನಲ್ಲಿ ಬಾಗಿಲ ಹತ್ತಿರ ಒಂದು ಕೈಚೀಲ ಇಟ್ಟ ಹಾಗೆ. ಮೇಲಾಗಿ ಬರಿ ಅಲ್ಯುಮಿನಿಯಂ ಬಿಸಿಯನ್ನು ಕಿರಣವಾಗಿ ಹೊರಸೂಸುವುದರಲ್ಲಿ ಬಹಳ ಜಿಪುಣ, ಬಣ್ಣ ಹಾಕಿದ ಮೈ ಅದರ ಹತ್ತು ಪಟ್ಟು ಸೂಸುತ್ತದೆ. ಅದಕ್ಕೆ ಕಪ್ಪೇ ಆಗಬೇಕೆಂದೇನಿಲ್ಲ, ಕೆಂಪು, ಬಿಳಿ ಎಲ್ಲ ಒಂದೇ. ಆನೊಡೈಸ್ ಆದದ್ದು ಮೊದಲೇ ಚೆನ್ನಾಗಿ ಸೂಸುತ್ತಿರುತ್ತದೆ, ಹಾಗಾಗಿ ನಮಗೆ ಇದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಆದರೆ ಅದೇ 0.1 ಮಿಲಿಮೀಟರ್ ಹೀಟ್‌ಸಿಂಕಿನ ಕೆಳಗೆ, ಪ್ಯಾಡು ಕೂರುವ ಜಾಗದಲ್ಲಿ ಇದ್ದರೆ ಕತೆ ತಿರುಗುತ್ತದೆ. ಅಲ್ಲಿ ಜಾಗ ಹತ್ತು ಚದರ ಸೆಂಟಿಮೀಟರ್ ಇದ್ದರೆ ಹೆಚ್ಚು. 142 ವ್ಯಾಟ್ ಪ್ರೊಸೆಸರಿಗೆ ಕೊಡುವಾಗ ವಿಆರ್‌ಎಂ ತಾನೇ 15ರಿಂದ 20 ವ್ಯಾಟ್ ಬಿಸಿ ಮಾಡಿಕೊಳ್ಳುತ್ತದೆ. ಅದೆಲ್ಲ ಆ ಚಿಕ್ಕ ಜಾಗದಿಂದಲೇ ದಾಟಬೇಕು. ಅಲ್ಲಿ ಈ ಪದರ ಒಂದೇ 7ರಿಂದ 10 ಡಿಗ್ರಿ ಏರಿಸುತ್ತದೆ. ಮೇಲೆ ಹಾಕಿದರೆ ಏನೂ ಇಲ್ಲ, ಕೆಳಗೆ ಹಾಕಿದರೆ ಹತ್ತು ಡಿಗ್ರಿ. ಒಂದೇ ಬಣ್ಣ, ಒಂದೇ ದಪ್ಪ.

ಆದರೆ ನಾನು ಕೆಳಗೆ ಮಾಸ್ಕಿಂಗ್ ಟೇಪ್ ಹಾಕಿದ್ದೆನಲ್ಲ? ಮತ್ತೆ ಬಿಚ್ಚಿದೆ.

ಪ್ಯಾಡಿನ ಮೇಲೆ ಚಿಪ್ಪುಗಳು ಒತ್ತಿದ ಗುರುತು ಬಿದ್ದಿರುತ್ತದೆ. ರೊಟ್ಟಿ ಹಿಟ್ಟಿನ ಮೇಲೆ ಬೆರಳು ಒತ್ತಿದ ಹಾಗೆ. ಉದ್ದದ ಹೀಟ್‌ಸಿಂಕಿನ ಆರು ಚಿಪ್ಪಿನಲ್ಲಿ ನಾಲ್ಕರ ಗುರುತು ಮಸುಕಾಗಿತ್ತು, ಎರಡರದು ಇರಲೇ ಇಲ್ಲ. ಪ್ಯಾಡು ಅವನ್ನು ಮುಟ್ಟಿಯೇ ಇರಲಿಲ್ಲ.

ಕಾರಣ ಎರಡು, ಎರಡೂ ನನ್ನವೇ. ಹಳೇ ಪ್ಯಾಡು ಹರಿದಿತ್ತು. ಅದರ ದಪ್ಪ ಅಳೆದಾಗ 1 ಮಿಲಿಮೀಟರ್ ಬಂತು, ಅಷ್ಟೇ ದಪ್ಪದ ಹೊಸದು ತಂದೆ. ಆದರೆ ಹಳೆಯದು ವರ್ಷಗಟ್ಟಲೆ ಒತ್ತಿ ಒತ್ತಿ 1 ಆದದ್ದು, ಹೊಸದಾಗಿದ್ದಾಗ ಇನ್ನೂ ದಪ್ಪ ಇದ್ದಿರಬೇಕು. ಅದೇ ಜಾಗಕ್ಕೆ 1 ಮಿಲಿಮೀಟರಿನ ಹೊಸ ಪ್ಯಾಡು ಹಾಕಿದರೆ ಒತ್ತುವುದಕ್ಕೆ ಏನೂ ಉಳಿಯುವುದಿಲ್ಲ, ಸುಮ್ನೆ ಮುಟ್ಟುತ್ತದೆ ಅಷ್ಟೇ. ಇನ್ನೊಂದು, ಸ್ಕ್ರೂ ಹೋಗುವ ಕಾಲುಗಳು. ಹೀಟ್‌ಸಿಂಕು ಬೋರ್ಡಿನ ಮೇಲೆ ನಿಲ್ಲುವುದು ಆ ಎರಡು ಸಣ್ಣ ಕಾಲಿನ ಮೇಲೆ. ಪ್ಯಾಡಿನ ಜಾಗಕ್ಕೆ ಟೇಪ್ ಹಾಕಿದವನು ಕಾಲನ್ನು ಮರೆತಿದ್ದೆ. ಅದರ ತುದಿಗೂ ಮೂರು ಥರದ ಬಣ್ಣ ಕೂತಿತ್ತು. ಇಡೀ ಹೀಟ್‌ಸಿಂಕು 0.1 ಮಿಲಿಮೀಟರ್ ಮೇಲೆದ್ದು ನಿಂತಿತ್ತು. ಮುಟ್ಟುತ್ತಿದ್ದದ್ದೂ ಮುಟ್ಟದಾಯಿತು.

ಕಾಲಿನ ತುದಿಯ ಬಣ್ಣ ಬ್ಲೇಡಿನಲ್ಲಿ ಕೆರೆದು ಲೋಹ ಕಾಣುವ ಹಾಗೆ ಮಾಡಿದೆ. ಮೆತ್ತಗಿನ 1.5 ಮಿಲಿಮೀಟರಿನ ಪ್ಯಾಡು ತರಿಸಿದೆ. ಗಟ್ಟಿಯದು ಬೇಡ, ಅಷ್ಟು ದಪ್ಪದ್ದು ಒತ್ತಿದರೆ ಬೋರ್ಡೇ ಬಾಗುತ್ತದೆ. ಒಮ್ಮೆ ಕೂರಿಸಿ, ಬಿಚ್ಚಿ, ಗುರುತು ನೋಡಿ, ಮತ್ತೆ ಕೂರಿಸಿದೆ. ಆರಕ್ಕೆ ಆರೂ ಅಚ್ಚು ಸ್ಪಷ್ಟ. ಲೋಡ್ ಕೊಟ್ಟರೆ 65. ಇನ್ನೊಂದು ದಿನ 66. ಅಲ್ಲಿಗೆ ಬಿಟ್ಟೆ.

ಬಿಳಿ ಗೆರೆ

ಕಂಪ್ಯೂಟರ್ ಒಯ್ಯಲು ಬಂದಾಗ ಮೊಮ್ಮಗಳು ಇನ್ನೊಂದು ಕೇಳಿದರು. ಎಸ್‌ಎಸ್‌ಡಿ ಪಟ್ಟಿಯ ಮೇಲೆ ಅಜ್ಜಿ ಒಂದು ಎಳೆ ಬಿಳಿ ಚಿತ್ತಾರ ಬರೆಯುತ್ತಾರಂತೆ, ಅಕ್ಕಿ ಹಿಟ್ಟಿನಲ್ಲಿ.

“ಅಕ್ಕಿ ಹಿಟ್ಟು ಬೇಡಮ್ಮ. ಇರುವೆ ಬರುತ್ತೆ.”

ತಮಾಷೆಗೆ ಹೇಳಿದ್ದಲ್ಲ. ಮಳೆಗಾಲದಲ್ಲಿ ಬೆಚ್ಚಗಿರುವ ಕಂಪ್ಯೂಟರಿನೊಳಗೆ ಇರುವೆ, ಜಿರಳೆ, ಹಲ್ಲಿ ಮನೆ ಮಾಡಿದ್ದನ್ನು ಪ್ರತಿ ವರ್ಷ ತೆಗೆಯುತ್ತೇನೆ. ಪವರ್ ಸಪ್ಲೈಯಲ್ಲಿ ಹಲ್ಲಿ ಸತ್ತು ಶಾರ್ಟ್ ಆದದ್ದು ಲೆಕ್ಕವಿಲ್ಲ. ಅದರೊಳಗೆ ನಾವೇ ಹಿಟ್ಟು ಇಟ್ಟರೆ ಊಟಕ್ಕೆ ಕರೆದ ಹಾಗಾಯಿತು. ಬಿಳಿ ಅಕ್ರಿಲಿಕ್ ಬಣ್ಣದ ಸಣ್ಣ ಡಬ್ಬಿ ಕೊಟ್ಟು, ಪಟ್ಟಿಯನ್ನು ಬಿಚ್ಚಿ ಕಳಿಸಿದೆ. ಕೆಳಗಿನ ಪ್ಯಾಡಿಗೆ ಟೇಪ್ ಹಾಕಿಯೇ ಕಳಿಸಿದೆ. ಕಾಲಿಗೂ.

ವಾರದ ಮೇಲೆ ಪಟ್ಟಿ ವಾಪಸ್ ಬಂತು. ಅಜ್ಜಿ ಪುಂಡಿ ನಾರಿನ ಕುಂಚದಲ್ಲೇ ಬರೆದಿದ್ದರು. ಮೂರು ಬೆರಳಗಲದ ಪಟ್ಟಿಯ ಮೇಲೆ ಗೆರೆಗೆ ಗೆರೆ ಹೆಣೆದುಕೊಂಡು ಹೋಗಿತ್ತು. ನನ್ನ ಮಾಸ್ಕಿಂಗ್ ಟೇಪಿನ ಅಂಚು ಅಷ್ಟು ನೇರ ಯಾವತ್ತೂ ಬಂದಿಲ್ಲ. ಅದರ ಮೇಲೆ ನಾನು ಒಂದು ತೆಳು ಕ್ಲಿಯರ್ ಹೊಡೆದೆ. ಹೊಡೆಯುವ ಮೊದಲು ಪಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟು ನಾಲ್ಕು ದಿನ ಕಾದೆ, ಮೀಟರ್ 60ಕ್ಕಿಂತ ಕೆಳಗಿಳಿದ ಒಂದು ಮಧ್ಯಾಹ್ನ ನೋಡಿಕೊಂಡು.

ದುಡ್ಡಿನ ಲೆಕ್ಕ. ಪ್ರೈಮರ್, ಕ್ಲಿಯರ್, ಪ್ಯಾಡು ಎರಡು ಸಲ, ಪೇಪರು, ಆಲ್ಕೋಹಾಲು, ಭಾಯ್ ಕೂಲಿ ಎಲ್ಲ ಸೇರಿ ನನಗೆ 3,400 ರೂಪಾಯಿ ಬಿತ್ತು. ನಾನು ಮೊದಲೇ ಮಾತಾಡಿದ್ದು 4,000. ಎರಡೂವರೆ ತಿಂಗಳ ಸಂಜೆಗಳಿಗೆ 600 ರೂಪಾಯಿ. ಜಾಸ್ತಿ ಕೇಳುವ ಮುಖ ಇರಲಿಲ್ಲ, ತಪ್ಪೆಲ್ಲ ನನ್ನದೇ ಆಗಿದ್ದರಿಂದ. ರೆಡ್ ಆಕ್ಸೈಡಿಗೆ ಎಷ್ಟಾಯಿತು ಅಂತ ಕೇಳಬೇಡಿ, ಅದು ಶಟರಿಗೆ ತಂದು ಉಳಿದದ್ದು.

ಭೂಮಿ ಹುಣ್ಣಿಮೆ ಕಳೆದ ಮೇಲೆ ಅವರು ಫೋನ್ ಮಾಡಿದರು. ರಾತ್ರಿಯೆಲ್ಲ ರೆಂಡರಿಂಗ್ ಹಾಕಿದಾಗ 66 ದಾಟಿಲ್ಲವಂತೆ. ಗ್ರಾಫಿಕ್ಸ್ ಕಾರ್ಡ್ ತೆಗೆದು ಹಾಕುವಾಗ ಚಿಪ್‌ಸೆಟ್ ಹೀಟ್‌ಸಿಂಕಿನ ಮೂಲೆಗೆ ತಾಗಿ ಅಕ್ಕಿ ಕಾಳಿನಷ್ಟು ಬಣ್ಣ ಎದ್ದಿದೆ ಅಂತಲೂ ಹೇಳಿದರು. ಇದಕ್ಕೇ ಇರಲಿ ಅಂತ ಒಂದು ಸಣ್ಣ ಬಾಟಲಿಯಲ್ಲಿ ಉಳಿದ ರೆಡ್ ಆಕ್ಸೈಡ್ ಕೊಟ್ಟಿದ್ದೆ. ಹಚ್ಚಿದಿರಾ ಅಂತ ಕೇಳಿದೆ.

“ಇಲ್ಲಣ್ಣ. ಆ ಬಾಟ್ಲಿ ಅಜ್ಜಿ ತಗೊಂಡು ಹೋಗಿ ತುಳಸಿ ಕಟ್ಟೆಯ ಕಬ್ಬಿಣದ ಬೇಲಿಗೆ ಬಳಿದ್ರು.”